ಬಾಲವಾಡಿ ಹೊನ್ನಕ್ಕನ ಕೈಯ ಬಿಳಿ ಕಲೆ

ಹುಲಿಕುಂಟೆಯ ಬಾಲವಾಡಿಯಲ್ಲಿ ಉಪ್ಪಿಟ್ಟು ಮಾಡಿ ಬಡಿಸುವ ಹೊನ್ನಕ್ಕನ ಮುಂಗೈ ಮೇಲೆ ನಾಲ್ಕಾಣೆ ಅಗಲದ ಬಿಳಿ ಕಲೆ ಕಾಣಿಸಿಕೊಂಡಿತು. ಊರಿಗೆ ಅಷ್ಟು ಸಾಕಾಯಿತು. ತೊನ್ನು ಅಂಟುತ್ತದೆಂದು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ಬಿಟ್ಟರು. ಮೂವತ್ತರಲ್ಲಿ ಉಳಿದದ್ದು ಒಂಬತ್ತು. ಹೀಗೇ ಆದರೆ ಬೇರೆಯವಳನ್ನು ನೇಮಿಸಬೇಕಾಗುತ್ತದೆ ಎಂಬ ಮಾತು ಮೇಲಧಿಕಾರಿಗಳಿಂದ ಬಂತು. ಗಂಡನನ್ನು ಕಳೆದುಕೊಂಡ ಹೊನ್ನಕ್ಕನಿಗೆ ಆ ಕೆಲಸವೇ ಆಸರೆ.

ಅವಳ ಅಣ್ಣ ಕ್ಯಾತಣ್ಣ ಕುರಿ ಕಾಯುವವನು. ಮಳೆಗೆ ಮುಂಚೆ ಇಂಜೆಕ್ಷನ್ ಹಾಕಿಸಿ ಹಿಂಡನ್ನೆಲ್ಲ ರೋಗದಿಂದ ಉಳಿಸಿಕೊಂಡಿದ್ದ. ಒಂದೇ ಸೂಜಿಗೆ ತೊನ್ನು ಮಾಯ ಎಂದು ಸಂತೆಯಲ್ಲಿ ಒಬ್ಬ ಕೂಗುವುದನ್ನು ಕೇಳಿದವನೇ ತಂಗಿಯನ್ನು ಹೊರಡಿಸಿದ. ದಾರಿಯಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸ್ ನಾಗರತ್ನಮ್ಮ ಸಿಕ್ಕರು.

“ಒಂದೇ ಸೂಜೀಲಿ ನನ್ ಕುರಿ ಉಳಿದ್ವು ಕಣಮ್ಮ. ಇವಳ ಕೈ ಏನು ಕುರಿಗಿಂತ ದೊಡ್ಡದಾ?” ಎಂದ.

“ಕುರಿಗೆ ಹಾಕ್ಸಿದ್ದು ರೋಗ ಬರದಂಗೆ ತಡೆಯಾಕೆ ಕಣಪ್ಪ. ಇದು ಆಗ್ಲೇ ಬಂದು ಕೂತಿರೋ ಕಲೆ. ಆ ಸಂತೆಯವನು ಸೂಜಿ ಕುದಿಸಿದ್ದು ನೋಡಿದ್ಯಾ? ಒಳಗೇನು ತುಂಬವ್ನೆ ಅಂತ ಕೇಳಿದ್ಯಾ?”

ಕ್ಯಾತಣ್ಣ ಟವಲು ಕೊಡವಿ ದಾರಿ ಬದಿಯ ಕಲ್ಲಿನ ಮೇಲೆ ಹಾಸಿ ತಂಗಿಯನ್ನು ಕೂರಿಸಿದ.

ನರ್ಸಮ್ಮ ಹೊನ್ನಕ್ಕನ ಕಣ್ಣು ಮುಚ್ಚಿಸಿ ಕಲೆಯ ಮೇಲೆ ಹತ್ತಿ ಆಡಿಸಿದರು. ಸ್ಪರ್ಶ ತಿಳಿಯಿತು. ತಿಳಿಯದಿದ್ದರೆ ಅದು ಕುಷ್ಠವಿರಬಹುದಿತ್ತು, ಅದಕ್ಕೂ ಔಷಧಿಯಿದೆ ಎಂದರು. ತೊನ್ನು ಮುಟ್ಟಿದರೆ ಅಂಟುವುದಿಲ್ಲ, ಜೊತೆಗೆ ಉಂಡರೂ ಅಂಟುವುದಿಲ್ಲ ಎಂದು ಅಣ್ಣನಿಗೆ ಒತ್ತಿ ಹೇಳಿ, ಇಬ್ಬರನ್ನೂ ತುಮಕೂರಿನ ಚರ್ಮದ ಡಾಕ್ಟರ ಬಳಿಗೆ ಕರೆದೊಯ್ದರು.

ಕಲೆ ಸಣ್ಣದು, ಹರಡುತ್ತಿಲ್ಲ ಎಂದು ಡಾಕ್ಟರು ಮೊದಲು ಮುಲಾಮು ಕೊಟ್ಟರು. ಅದಕ್ಕೆ ಬಗ್ಗದಾಗ, ಕುದಿಸಿದ ಸೂಜಿಯಲ್ಲಿ ತಿಂಗಳಿಗೊಮ್ಮೆ ಕಲೆಯೊಳಕ್ಕೇ ಹನಿಹನಿ ಔಷಧಿ ಹಾಕಿದರು. ಪ್ರತಿ ಸಲವೂ ಆ ಔಷಧಿಯಿಂದ ಚರ್ಮ ತೆಳುವಾಗಿದೆಯೇ ಎಂದು ನೋಡಿದರು. ಎಲ್ಲರಿಗೂ ಇದು ಒಗ್ಗುವುದಿಲ್ಲ, ಪೂರ್ತಿ ಬಣ್ಣ ಬರುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು.

ಇತ್ತ ನಾಗರತ್ನಮ್ಮ ವಾರಕ್ಕೊಮ್ಮೆ ಬಾಲವಾಡಿಗೆ ಬಂದು, ತಾಯಂದಿರ ಕಣ್ಣೆದುರೇ ಹೊನ್ನಕ್ಕನ ಕೈಯಿಂದ ಉಪ್ಪಿಟ್ಟು ಹಾಕಿಸಿಕೊಂಡು ತಿಂದರು. ಮೂರನೇ ವಾರ ಕ್ಯಾತಣ್ಣನೂ ಪಕ್ಕದಲ್ಲಿ ಕೂತ.

“ನಿಂಗೇನೂ ಆಗಿಲ್ವೇನಣ್ಣ?” ಎಂದಳು ಎಲ್ಲರಿಗಿಂತ ಹೆಚ್ಚು ಹೆದರಿದ್ದ ಈರಕ್ಕ.

“ಆಗೈತೆ ಕಣಮ್ಮ. ಹೊಟ್ಟೆ ದಪ್ಪ ಆಗೈತೆ.”

ಈರಕ್ಕ ನಕ್ಕಳು. ಮರುದಿನ ಮಗಳನ್ನು ಕಳಿಸಿದಳು. ಅವಳ ಹಿಂದೆ ಉಳಿದವರೂ ಕಳಿಸಿದರು.

ನಾಲ್ಕನೇ ಇಂಜೆಕ್ಷನ್ ಆದ ಮೇಲೆ ಕಲೆಯ ನಡುವೆ ಸಾಸಿವೆ ಕಾಳಿನಂಥ ಕಂದು ಚುಕ್ಕೆಗಳು ಮೂಡಿದವು. ಇನ್ನೂ ಅರ್ಧ ಬೆಳ್ಳಗೇ ಇದ್ದ ಆ ಕೈಯಿಂದಲೇ ಹೊನ್ನಕ್ಕ ಮೂವತ್ತು ಮಕ್ಕಳಿಗೂ ಬಡಿಸಿದಳು. ಉಪ್ಪಿಟ್ಟಿನ ಪಾತ್ರೆಯ ತಳ ಕೆರೆದರೂ ಇನ್ನೊಂದು ಸೌಟಿಗೆ ಸಾಲದಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರ ಮೈಮೇಲಾದರೂ ಬಿಳಿ ಕಲೆ ಕಂಡರೆ ಮುಚ್ಚಿಡಬೇಡಿ, ಸಂತೆಯ ಸೂಜಿಗೆ ಮೈ ಒಡ್ಡಬೇಡಿ. ಸರ್ಕಾರಿ ಆಸ್ಪತ್ರೆಗೆ ಬನ್ನಿ. ಅವರನ್ನು ಪಂಕ್ತಿಯಿಂದ ಎಬ್ಬಿಸದೆ ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿ.