ಉಪವಾಸವಿಟ್ಟ ಕೋಶಗಳು

ಗಾರ್ಗಿಯಷ್ಟು ತಿನ್ನುವ ಹುಡುಗಿಯನ್ನು ನಮ್ಮ ಕಾಲೇಜಿನಲ್ಲೇ ನಾನು ನೋಡಿರಲಿಲ್ಲ. ಅಗ್ರಹಾರದ ತನ್ನ ಮನೆಯಲ್ಲಿ ಊಟ ಮುಗಿಸಿ, ಸೈಕಲ್ ತುಳಿದುಕೊಂಡು ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಳು. "ತಿಮ್ಮಮ್ಮಾ, ಉಪ್ಸಾರು ಐತಾ?" ಎಂದು ನಮ್ಮವ್ವನನ್ನು ಅವ್ವನ ಮಾತಿನಲ್ಲೇ ಕೇಳುವಳು. "ನಿಮ್ಮನೇಲಿ ಅನ್ನ ಹಾಕಲ್ವೇನೇ?" ಎಂದು ನಾನು ರೇಗಿದರೆ ಅವ್ವ ನನಗೇ ಗದರುತ್ತಿತ್ತು. "ಸುಮ್ಕಿರು, ಉಣ್ಣೋರ್ನ ಕೆಣಕ್ಬ್ಯಾಡ."

ಹೋದ ವರ್ಷ ಮೆದುಳಿನ ಗೆಡ್ಡೆಯಿಂದ ಅವಳು ತೀರಿಕೊಂಡಳು. ಡಾಕ್ಟರು ಕೊಯ್ದು ತೆಗೆದರೂ ಪೂರ್ತಿ ಹೋಗಲಿಲ್ಲ. ಗೆಡ್ಡೆಯ ಕೋಶಗಳು ಆಗಲೇ ಸುತ್ತಮುತ್ತ ತೆವಳಿ ಹೋಗಿದ್ದವು. ಅವುಗಳ ಮೈಮೇಲೆ ಒಂದು ಪ್ರೋಟೀನು ಇರುತ್ತದೆ. ಸಿಕ್ಕಿದ್ದನ್ನು ಹಿಡಿದು ಮುಂದಕ್ಕೆ ಎಳೆದುಕೊಂಡು ಹೋಗುವ ಕೈ ಅದು. ಆ ಕೈ ಕಟ್ಟಿಹಾಕುವ ಮದ್ದು ಹುಡುಕುವುದು ನನ್ನ ಕೆಲಸ. ಆಪರೇಷನ್ನಿಗೆ ಹೋಗುವ ಮೊದಲು ಗಾರ್ಗಿ ನನ್ನನ್ನು ತೋರಿಸಿ ಡಾಕ್ಟರಿಗೆ, "ನನ್ನ ಗೆಡ್ಡೆ ಅನುಪಮಾಗೇ ಕೊಡಿ. ಅವಳ ಬಾಯಿಗೆ ಹೆದರಿಯಾದ್ರೂ ಸುಮ್ನೆ ನಿಲ್ಲತ್ತಾ ನೋಡೋಣ," ಎಂದು ನಕ್ಕಿದ್ದಳು. ಹಾಳಾದವಳು, ಆಗಲೂ ತಮಾಷೆಯೇ!

ಹಾಗೆ ನನ್ನ ಲ್ಯಾಬಿಗೆ ಬಂದ ಕೋಶಗಳಲ್ಲಿ ಉಳಿದಿದ್ದ ಕೊನೆಯ ಪಾಲನ್ನು ಎರಡು ತಟ್ಟೆಗಳಲ್ಲಿ ಬೆಳೆಸಿ, ನಡುವೆ ಕೆರೆದು ಒಂದೊಂದು ಖಾಲಿ ಗೀರು ಎಳೆದು, ಒಂದಕ್ಕೆ ಮಾತ್ರ ಮದ್ದು ಹಾಕಿದ್ದೆ. ಕೋಶಗಳು ತೆವಳಿದರೆ ಗೀರು ಮುಚ್ಚುತ್ತದೆ. ಆದರೆ ಅಲ್ಲಿಯವರೆಗೆ ಅವನ್ನು ಉಪವಾಸವಿಡಬೇಕು. ತಿಂದರೆ ಅವು ಮರಿ ಹಾಕಿಕೊಂಡೇ ಗೀರು ತುಂಬಿಬಿಡುತ್ತವೆ, ಮದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಯುವುದಿಲ್ಲ. ಮರುದಿನ ಸಂಜೆಯವರೆಗೆ ಕಾಯಬೇಕಿತ್ತು. ಕೆಟ್ಟರೆ ಮತ್ತೆ ಮಾಡಲು ಗಾರ್ಗಿಯದು ಏನೂ ಉಳಿದಿರಲಿಲ್ಲ.

ಆ ಮರುದಿನವೇ ಮಧ್ಯಾಹ್ನ ಅವಳ ತಾಯಿ ರಮಾಮಣಿಯಮ್ಮ ಲ್ಯಾಬಿಗೆ ಬಂದರು. ಮಗಳ ವರ್ಷದ ತಿಥಿ ಮುಗಿಸಿ, ಡಬ್ಬಿಯಲ್ಲಿ ವಡೆ, ಪಾಯಸ ಹಿಡಿದುಕೊಂಡು ಬಂದಿದ್ದರು. ತಿಥಿಯ ಅಡುಗೆಯನ್ನು ಹೊರಗಿನವರಿಗೆ ಕೊಡುವ ಪದ್ಧತಿ ಅವರಲ್ಲಿಲ್ಲ. ನನಗೆ ತಂದಿದ್ದರು.

"ಅವಳದ್ದೇನೋ ಇನ್ನೂ ಜೀವಂತ ಇಟ್ಟಿದ್ದೀಯಂತಲ್ಲ, ತೋರಿಸೇ," ಎಂದರು.

ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

"ಅಯ್ಯೋ, ಎಷ್ಟು ಸಣ್ಣಕ್ಕಿವೆ! ತಿನ್ನೋದಕ್ಕೆ ಏನು ಹಾಕ್ತೀಯ?"

"ನಿನ್ನೆಯಿಂದ ಏನೂ ಹಾಕಿಲ್ಲಮ್ಮ."

"ಅಯ್ಯೋ ರಾಮ! ತಿಥಿ ದಿನ ನನ್ನ ಮಗೂನ ಉಪವಾಸ ಕೆಡವಿದ್ದೀಯಾ? ಕಾಗೆಗೂ ಇಟ್ಟು ಬಂದಿದ್ದೀನಿ ಕಣೇ! ಒಂದು ತೊಟ್ಟು ಹಾಕ್ಬುಡೇ, ನಿನ್ನ ದಮ್ಮಯ್ಯ ಅಂತೀನಿ."

ಕೋಶಗಳಿಗೆ ಹಾಕುವ ಆಹಾರದ ಸೀಸೆ ಪಕ್ಕದಲ್ಲೇ ಇತ್ತು. ನನ್ನ ಕೈ ಅದರ ಮೇಲೆ ಹೋಯಿತು. ಬೆಳಗಿನಿಂದ ನಾನೂ ತಟ್ಟೆ ನೋಡಿದಾಗಲೆಲ್ಲ "ತಡ್ಕೋ ಕಣೇ ಗಾರ್ಗಿ" ಎನ್ನುತ್ತಲೇ ಇದ್ದೆ. ಓದಿದವಳಂತೆ ನಾನು, ನನ್ನ ತಲೆ!

ಆದರೂ ಸೀಸೆ ಬಿಟ್ಟು, "ಮೊದಲು ಇದನ್ನ ನೋಡಿ," ಎಂದು ಮದ್ದು ಹಾಕದ ತಟ್ಟೆ ಇಟ್ಟೆ. "ನಿನ್ನೆ ಇಲ್ಲಿ ಖಾಲಿ ಗೀರಿತ್ತು. ಈಗ ತೆವಳಿಕೊಂಡು ಬಂದು ಮುಚ್ಚಿವೆ. ಅವಳ ತಲೆಯೊಳಗೂ ಹೀಗೇ ಹರಡಿದ್ದು."

"ಅವಳ ಮಾತು ಹೋಗಿದ್ದು, ಕೊನೆಗೆ ನನ್ನ ಗುರುತೇ ಸಿಗದೆ ಹೋಗಿದ್ದು... ಇವುಗಳಿಂದಾನಾ?"

"ಹೂಂ ಅಮ್ಮ."

ಅವರು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇದು ನನ್ನ ಮಗಳಲ್ಲ, ನನ್ನ ಮಗಳನ್ನ ತಿಂದಿದ್ದು. ಒಂದು ತೊಟ್ಟು ನೀರೂ ಹಾಕ್ಬೇಡ," ಎಂದರು. ಸಂಜೆಯವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

ಸಂಜೆ ನೋಡಿದಾಗ ಮದ್ದು ಹಾಕಿದ ತಟ್ಟೆಯಲ್ಲಿ ಗೀರು ತೆರೆದೇ ಇತ್ತು. ಒಂದು ಕೋಶವೂ ದಾಟಿರಲಿಲ್ಲ. ನಾನು ಕುಣಿಯಬೇಕಿತ್ತು. ಆದರೆ ಕೆಲಸ ಮುಗಿದಿತ್ತು, ನಿಯಮದಂತೆ ಆ ತಟ್ಟೆಗಳನ್ನು ಇನ್ನು ಬ್ಲೀಚಿಗೆ ಸುರಿದು ಕೋಶಗಳನ್ನು ಕೊಲ್ಲಬೇಕಿತ್ತು. ನನ್ನಿಂದಾಗಲಿಲ್ಲ. ಎರಡೂ ತಟ್ಟೆ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ರಮಾಮಣಿಯಮ್ಮ ಎದ್ದು ಬಂದು ನನ್ನ ಕೈಯಿಂದ ಅವನ್ನು ಬಿಡಿಸಿಕೊಂಡರು.

"ಅವಳು ಹೋಗ್ಬುಟ್ಟಳು ಕಣೇ ಅನು," ಎಂದರು. "ಹೋಗಿ ವರ್ಷ ಆಯ್ತು."