ಸೊನ್ನೆ ಹೊರೆ

ಚಂಡಮಾರುತ ಸಂಜೆಗೆ ದಡ ಮುಟ್ಟುವುದಿತ್ತು. ಹೊಳೆಗಳು ಎಲ್ಲಿಯವರೆಗೆ ಏರಬಹುದೆಂಬ ಲೆಕ್ಕವನ್ನು ತೈವಾನಿನ ಪೂರ್ವದಂಚಿನ ಶಾಲೆಗಳ ಕಂಪ್ಯೂಟರ್‌ಗಳು ಹಂಚಿಕೊಂಡು ಮಾಡುತ್ತಿದ್ದವು. ಅವಕ್ಕೆ ಯಜಮಾನ ಯಂತ್ರವೆಂಬುದಿರಲಿಲ್ಲ. ಪ್ರತಿಯೊಂದೂ ತನ್ನ ಹೊರೆ ಎಷ್ಟೆಂದು ನೆರೆಯ ಯಂತ್ರಗಳಿಗೆ ತಿಳಿಸಬೇಕು. ಹಗುರಾಗಿರುವುದು ಭಾರವಾದುದರಿಂದ ಕೆಲಸ ಎತ್ತಿಕೊಳ್ಳಬೇಕು. ಈ ಏರ್ಪಾಡು ಹ್ಸಿಂಚು ನಗರದಲ್ಲಿದ್ದ ಶು-ಛಿಂಗ್ ಕಟ್ಟಿದ್ದು.

ಅವಳು ಹುಟ್ಟಿ ಬೆಳೆದ ಕಣಿವೆಯೊಂದನ್ನು ಬಿಟ್ಟು ಎಲ್ಲದರ ಲೆಕ್ಕವೂ ಬಂದಿತ್ತು. ಅದು ಅಲ್ಲಿನ ಶಾಲೆಯ ಯಂತ್ರದಲ್ಲೇ ಸಿಕ್ಕಿಕೊಂಡಿತ್ತು. ಆ ಯಂತ್ರವೋ, ತನಗೆ ಕೆಲಸವೇ ಇಲ್ಲವೆಂದು ಸಾರುತ್ತಲೇ ಇತ್ತು. ನಂಬಿದ ನೆರೆಯವು ಇನ್ನಷ್ಟು ಹೇರುತ್ತಿದ್ದವು. ಲೆಕ್ಕ ಕೈಗೆ ಬಾರದೆ ಊರು ಖಾಲಿ ಮಾಡಿಸಲು ಅಧಿಕಾರಿಗಳು ಒಪ್ಪುತ್ತಿರಲಿಲ್ಲ.

ತನಗೆ ಗಣಿತ ಕಲಿಸಿದ ಗಾವ್ ಮೇಷ್ಟ್ರಿಗೆ ಅವಳು ಫೋನು ಮಾಡಿದಳು. ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಅವರೇ.

"ಊಟ ಆಯ್ತೇನಮ್ಮಾ?"

"ಆಯ್ತು ಮೇಷ್ಟ್ರೇ. ಕಂಪ್ಯೂಟರ್ ಹೇಗಿದೆ?"

"ಗುಂಡುಕಲ್ಲಿನ ಹಾಗಿದೆ. ಹೇಳಿದ ಮಾತು ಕೇಳ್ಲಿ ಅಂತ ಎಲ್ಲರೂ ಯಂತ್ರದ ಮೇಲೆ ಇಡೋ ಹಸಿರು ಕುರುಕಲು ಪೊಟ್ಟಣ ಇದರ ತಲೆ ಮೇಲೂ ಇಟ್ಟಿದೀನಲ್ಲ, ಇನ್ನೇನು ತಂಟೆ ಮಾಡುತ್ತೆ? ಫ್ಯಾನ್ ಮಾತ್ರ ಅರಚ್ಕೊಳ್ತಿದೆ."

"ಹೊರೆ ತಿಳಿಸೋ ಕಡೆ ಏನಾದ್ರೂ ಮುಟ್ಟಿದ್ರಾ?"



"ಸೊನ್ನೆ ಅಂತ ಬರೆದಿಟ್ಟೆ. 'ಭಾರ, ಭಾರ' ಅಂತ ಊರಿಗೆಲ್ಲ ಹೇಳ್ಕೊಂಡು ಬರ್ತಿತ್ತು. ನಮ್ಮ ಕಣಿವೆ ಕೆಲಸ ಬೇರೆ ಶಾಲೆಯವರ ತಲೆಗೆ ಕಟ್ಟೋದಾ? ನಾಚಿಕೆ ಆಯ್ತಮ್ಮ."

ಜ್ವರದಲ್ಲೂ 'ಪರವಾಗಿಲ್ಲ' ಎನ್ನುತ್ತ ಪಾಠ ಮಾಡಿ, ಕಪ್ಪುಹಲಗೆಯ ಮುಂದೆ ಕುಸಿದುಬಿದ್ದವರು ಅವರು. ಸೋಮಾರಿಗಳು ಹೊರೆಯನ್ನು ಹಿಗ್ಗಿಸಿ ಹೇಳಿಯಾರೆಂದು ಶು-ಛಿಂಗ್ ಕಾವಲಿಟ್ಟಿದ್ದಳು. ಸಂಕೋಚಕ್ಕೆ ಮುಚ್ಚಿಡುವವರೂ ಇದ್ದಾರೆಂಬುದು ಅವಳಿಗೆ ಹೊಳೆದಿರಲೇ ಇಲ್ಲ.

"ಅದು ಸುಳ್ಳು ಮೇಷ್ಟ್ರೇ. ನಿಮ್ಮ ಸೊನ್ನೆ ನಂಬ್ಕೊಂಡು ಎಲ್ಲಾ ಅದ್ರ ಮೇಲೇ ಬೀಳ್ತಿದೆ. ದಯವಿಟ್ಟು ತೆಗೀರಿ."

"ಪಾಠ ಹೇಳಿದೋನಿಗೇ ಸುಳ್ಳು ಅಂತೀಯಾ?"

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು.

"ತೆಗೆದೆ."

ನೆರೆಯ ಯಂತ್ರಗಳು ಒಂದೊಂದಾಗಿ ಕೆಲಸ ಎಳೆದುಕೊಂಡವು. ಸಂಜೆಗೆ ಮುಂಚೆಯೇ ಲೆಕ್ಕ ಬಂತು: ನೀರು ಶಾಲೆಯ ಛಾವಣಿ ಮುಟ್ಟಲಿದೆ. ಅಧಿಕಾರಿಗಳು ಬಸ್ಸುಗಳನ್ನು ಕಳಿಸಿದರು.

ಅವಳು ಮತ್ತೆ ಫೋನು ಮಾಡಿದಳು. "ಮೇಷ್ಟ್ರೇ, ಬಸ್ಸು ಹತ್ತಿದ್ರಾ?"

"ನಂದೇನಮ್ಮ, ಪರವಾಗಿಲ್ಲ. ಮೊದಲು ಮಕ್ಕಳುಮರಿ..." ಎಂದವರು ಅಲ್ಲಿಗೇ ತಡೆದರು. ಫ್ಯಾನಿನ ಅರಚಾಟ ನಿಂತಿದ್ದರಿಂದ ಅವರ ಉಸಿರು ಸ್ಪಷ್ಟವಾಗಿ ಕೇಳುತ್ತಿತ್ತು.

"ಮಂಡಿ ಹಿಡ್ಕೊಂಡಿದೆ, ಶು-ಛಿಂಗ್. ಶಾಲೆ ಮೆಟ್ಟಿಲು ಇಳಿಯೋಕಾಗ್ತಿಲ್ಲ. ಯಾರನ್ನಾದ್ರೂ ಕಳಿಸಮ್ಮ."

ಅವಳ ಇನ್ನೊಂದು ಕೈ ಆಗಲೇ ಮೇಜಿನ ಫೋನನ್ನು ಎತ್ತಿಕೊಂಡಿತ್ತು.