ಮಾವನ ರುಜು

ಮನೆ ಮುಂದೆ ಬೈಕು ನಿಂತ ಸದ್ದಾದಾಗ ಹೇಮಶ್ರೀ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದಳು. ಕಿಟಕಿಯಲ್ಲಿ ಖಾಕಿ ಕಂಡದ್ದೇ ತಡ, ಎದ್ದು ಬಾಗಿಲ ಸಂದಿಗೆ ಬಂದು ನಿಂತಳು.

"ದೊಡ್ಡರಂಗಯ್ಯನೋರ ಮನೆ ಇದೇನಾ? ಗುಬ್ಬಿ ಠಾಣೆಯಿಂದ ಬಂದಿದೀನಿ. ಗುಂಡಯ್ಯ ಅಂತ."

"ಬನ್ನಿ ಬನ್ನಿ, ಕೂತ್ಕಳಿ," ಎಂದರು ಜಗಲಿಯಲ್ಲಿದ್ದ ಮಾವ. "ನಿಟ್ಟೂರಲ್ಲಿ ಏನ್ ಕಳ್ಳತನ ಆಯ್ತಪ್ಪ?"

ಅವನು ಯಾಕೆ ಬಂದಿದ್ದಾನೆಂದು ಹೇಮಶ್ರೀಗೆ ಗೊತ್ತಿತ್ತು. ಠಾಣೆಗೆ ಅರ್ಜಿ ಕೊಟ್ಟು ಒಂಬತ್ತು ದಿನವಾಗಿತ್ತು. ಒಂಬತ್ತು ದಿನವೂ ಅವಳು ಯಾರದೇ ಫೋನು ಬಂದರೂ ಬೆಚ್ಚಿದ್ದಳು.

ವಸಂತನರಸಾಪುರದ ಫ್ಯಾಕ್ಟರಿ ಬಸ್ಸಿನ ಹಿಂದಿನ ಸೀಟುಗಳಲ್ಲಿ ಕೂರುವ ಆರು ಹೆಂಗಸರಲ್ಲಿ ಅವಳೂ ಒಬ್ಬಳು. ಪಕ್ಕದ ದೀಪಿಕಾ ತನ್ನ ಇಯರ್‌ಫೋನಿನ ಒಂದು ಎಳೆಯನ್ನು ಇವಳ ಕಿವಿಗೆ ಸಿಕ್ಕಿಸಿದ ದಿನದಿಂದ 'ತಂತಿಬೇಲಿ' ಬ್ಯಾಂಡಿನ ಹುಚ್ಚು ಹತ್ತಿತ್ತು. ಊರೂರು ತಿರುಗಿ ಹಾಡುವ ನಾಲ್ವರು. ಅವರ ಹಾಡು ಕೇಳುವಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಅಮ್ಮನೂ ಅಲ್ಲ. ಗುಬ್ಬಿಗೆ ಬನ್ನಿ ಎಂದು ಆರು ಜನವೂ ಬರೆದದ್ದೇ ಬರೆದದ್ದು. ಕೊನೆಗೆ ಉತ್ತರ ಬಂತು: ತುಮಕೂರಿನಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿ ಒಂದು ಸಂಜೆ ಬಿಡುವಿದೆ, ಮೈದಾನವೂ ಪೊಲೀಸರ ಒಪ್ಪಿಗೆಯೂ ನಿಮ್ಮ ಜವಾಬ್ದಾರಿ.

"ನಮ್ ಹೆಸ್ರು ಹಾಕಿದ್ರೆ ಠಾಣೇಲಿ ನಗ್ತಾರೆ ಕಣಕ್ಕ," ಎಂದಿದ್ದಳು ದೀಪಿಕಾ. "ನಿಮ್ ಮಾವನ ಹೆಸ್ರು ಹಾಕು. ಸುತ್ತ ಹತ್ತು ಹಳ್ಳಿಗೆ ಗೊತ್ತಿರೋ ಹೆಸ್ರು."

ಹೇಮಶ್ರೀಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಹಾಕುವಾಗ ಯಾರು ಯಾರನ್ನು ಕೇಳುತ್ತಾರೆ? ಹೆಸರು ಬರೆದಾದ ಮೇಲೆ ಕೈ ತಾನಾಗಿ ಕೆಳಗೆ ರುಜುವನ್ನೂ ಹಾಕಿಬಿಟ್ಟಿತು. ಆರು ವರ್ಷದಿಂದ ಮಾವನ ಕೈ ನಡುಗುತ್ತಿತ್ತು. ಡೇರಿ ಪುಸ್ತಕ, ಪಿಂಚಣಿ ಕಾಗದ, ಸೊಸೈಟಿ ನೋಟೀಸು, ಎಲ್ಲಕ್ಕೂ "ನೀನೇ ಹಾಕ್ಬುಡು ಹೇಮ" ಎಂದು ಅವರೇ ಕಲಿಸಿದ್ದರು. ತನ್ನ ರುಜುವಿಗಿಂತ ಅವರದೇ ಅವಳಿಗೆ ಸಲೀಸಾಗಿತ್ತು.

"ಈ ವಯಸ್ಸಲ್ಲಿ ಬ್ಯಾಂಡ್ ಕರುಸ್ತಿದೀರಲ್ಲ ಯಜಮಾನ್ರೇ," ಗುಂಡಯ್ಯ ನಗುತ್ತ ಅರ್ಜಿ ಬಿಡಿಸಿದ. "ಡ್ಯಾನ್ಸೂ ಮಾಡ್ತೀರಾ?"

ಮಾವ ಕನ್ನಡಕ ಏರಿಸಿಕೊಂಡು ಓದಿದರು. ಬಹಳ ಹೊತ್ತು ಓದಿದರು. ಬಾಗಿಲ ಸಂದಿಯಲ್ಲಿ ನಿಂತವಳ ಅಂಗೈಯಲ್ಲಿ ಅವರೆಸಿಪ್ಪೆ ನುಜ್ಜುಗುಜ್ಜಾಗಿತ್ತು. ಗಂಡ ಲಕ್ಷ್ಮೀಕಾಂತ್ ಬೆಳಿಗ್ಗೆಯೇ ಕುಣಿಗಲ್‌ಗೆ ಹೋಗಿದ್ದ. ಅವನಿಗೆ ಗೊತ್ತಾದರೆ ಕೂಗಾಡುತ್ತಾನೆ, ಅಷ್ಟೆ. ಮಾವ ಕೂಗಾಡುವವರಲ್ಲ.

"ಹೂಂ, ನಂದೇ," ಎಂದರು ಮಾವ.

"ಹಂಗಾದ್ರೆ ನನ್ನೆದುರಿಗೆ ಇಲ್ಲೊಂದು ರುಜು ಮಾಡ್ಬುಡಿ. ವೆರಿಫಿಕೇಶನ್ನು."

ಮಾವ ಪೆನ್ನು ಹಿಡಿದರು. ತುದಿ ಕಾಗದಕ್ಕೆ ತಾಗಿ ಜಾರಿತು, ಮತ್ತೆ ತಾಗಿ ಜಾರಿತು. ಇನ್ನೊಂದು ಕೈಯಿಂದ ಮಣಿಕಟ್ಟು ಒತ್ತಿ ಹಿಡಿದುಕೊಂಡರು. ಗುಂಡಯ್ಯನ ನಗು ನಿಂತಿತು. ಅವನು ಅರ್ಜಿಯ ರುಜು ನೋಡಿದ, ಆ ಕೈ ನೋಡಿದ.

ಹೇಮಶ್ರೀ ಹೊರಗೆ ಬಂದಳು. "ಅದು ನಾನ್ ಹಾಕಿದ್ದು ಸಾರ್."

"ಏನಮ್ಮ ಹಿಂಗಂತೀಯ? ಇದು ಕೇಸಾಗ್ತದೆ, ಗೊತ್ತಾ? ಜೈಲು!"

"ನಾನೇ ಹಾಕು ಅಂದಿದ್ದೆ," ಎಂದರು ಮಾವ, ಕಾಗದದಿಂದ ಕಣ್ಣೆತ್ತದೆ. "ಕೈ ನೋಡುದ್ರಲ್ಲ."

ಗುಂಡಯ್ಯ ಇಬ್ಬರನ್ನೂ ಮತ್ತೆ ಮತ್ತೆ ನೋಡಿದ. ಅರ್ಜಿ ಮಡಚಿ ಅವಳ ಕೈಗಿಟ್ಟ. "ನಾನಿದನ್ನ ನೋಡೇ ಇಲ್ಲ ಅನ್ಕೋ. ನಾಳೆ ಹತ್ತು ಗಂಟೆಗೆ ನಿನ್ ಹೆಸ್ರಲ್ಲೇ ಬರ್ಕೊಂಡು ಬಾ. ಏನೇ ಗಲಾಟೆ ಆದ್ರೂ ನಿನ್ ತಲೆಗೇ, ತಿಳ್ಕೋ."

ಬೈಕು ಹೋಯಿತು. ಒಂದು ಮಾತು ಬೈದಿದ್ದರೆ ಅವಳು ಕಾಲಿಗೆ ಬೀಳುತ್ತಿದ್ದಳು. ಮಾವ ಬೈಯಲಿಲ್ಲ.

"ಇನ್ನೂ ಎಲ್ಲೆಲ್ಲಿ ಹಾಕಿದೀಯಮ್ಮ?"

"ನೀವು ಹೇಳಿದ್ ಕಡೆ ಮಾತ್ರ ಮಾವ. ಆಣೆ ಮಾಡ್ತೀನಿ."

"ಇದನ್ನ ಹೇಳಿದ್ನಾ?"

ಮಾವ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕಬ್ಬಿಣದ ಪೆಟ್ಟಿಗೆಯ ಮುಚ್ಚಳ ಗೋಡೆಗೆ ಬಡಿದ ಸದ್ದಾಯಿತು. ಪಹಣಿ, ಪಾಸ್‌ಬುಕ್ಕು, ತೋಟದ ಪತ್ರ ಎಲ್ಲ ಇದ್ದದ್ದು ಅದರಲ್ಲೇ. ಅವಳು ಅಪ್ಪಿತಪ್ಪಿಯೂ ಒಂದರಲ್ಲೂ ಮೋಸದ ರುಜು ಹಾಕಿರಲಿಲ್ಲ. ಆದರೆ ಆರು ವರ್ಷದಲ್ಲಿ ಎಷ್ಟು ಕಾಗದ, ಯಾವ ಯಾವ ದಿನ, ಈಗ ನೆನೆಸಿಕೊಳ್ಳಹೋದರೆ ಅವಳಿಗೇ ತನ್ನ ಮೇಲೆ ನಂಬಿಕೆ ಹೋಗುತ್ತಿತ್ತು.

ಫೋನು ಮಿನುಗಿತು. ದೀಪಿಕಾ: 'ಅಕ್ಕ, ಬ್ಯಾಂಡಿನೋರು ಕೇಳ್ತಾವ್ರೆ. ನಾಳೆ ಸಂಜೆಯೊಳಗೆ ಹೇಳ್ಬೇಕಂತೆ. ಬರೋದು ಗ್ಯಾರಂಟಿನಾ?'

ಬೇಡ ಎಂದು ಬರೆದರೆ ಇಲ್ಲಿಗೇ ಮುಗಿಯುತ್ತಿತ್ತು. ಮಾವನಿಗೂ ಅದೇ ಸಾಕಿತ್ತೇನೋ. ಹೇಮಶ್ರೀ ಬಾಗಿಲ ಕಡೆ ನೋಡುತ್ತ, ತಪ್ಪುತಪ್ಪಾಗಿ ಒತ್ತಿ, ಅಳಿಸಿ, ಮತ್ತೆ ಒತ್ತಿದಳು: 'ಬರ್ಲಿ. ನಾಳೆ ನಾನೇ ಠಾಣೆಗೆ ಹೋಗ್ತೀನಿ.'

ಒಳಗೆ ಮಾವ ಒಂದೊಂದೇ ಕಾಗದ ಮಗುಚುತ್ತಿದ್ದರು.